ರಂಗಪ್ಪನ ಗೆರೆ ಹುಡುಕಿಕೊಂಡು ಡೆವೆಂಟರಿಗೆ

ಜ್ವೋಲೆ

ಆಲೂಗಡ್ಡೆ ನೋಡಲೆಂದು ಹಾಲೆಂಡಿಗೆ ಹೋದವನು ಕೊನೆಯ ದಿನ ಆಲೂಗಡ್ಡೆಯನ್ನೂ ಜೊತೆಯವರನ್ನೂ ಬಿಟ್ಟು ಚಂದ್ರನ ನಕ್ಷೆ ಹುಡುಕಲು ಓಡಿದೆ. ಊರಿನಲ್ಲಿ ಹೇಳಿದರೆ ಇವನಿಗೆ ತಲೆ ಕೆಟ್ಟಿತ್ತು ಅನ್ನುತ್ತಾರೆ. ಕೆಟ್ಟಿದ್ದು ನಿಜ. ಆದರೆ ಕೆಟ್ಟಿದ್ದು ಹಾಲೆಂಡಿನಲ್ಲಲ್ಲ, ಅದಕ್ಕೂ ಮೂರು ತಿಂಗಳ ಮುಂಚೆ, ಅರಕಲಗೂಡಿನಲ್ಲಿ.

ನಾವು ಹದಿನಾಲ್ಕು ಜನ, ಎಲ್ಲರೂ ಹಾಸನ, ಅರಕಲಗೂಡು ಕಡೆಯ ಬೆಳೆಗಾರರು. ನಾನು ದುದ್ದದ ಹತ್ತಿರದವನು, ಹೆಸರು ಬೋರೇಗೌಡ. ನಮ್ಮನ್ನು ಕಟ್ಟಿಕೊಂಡು ಹೋದವರು ಹಾಸನದ ಬಿತ್ತನೆ ಗಡ್ಡೆ ವ್ಯಾಪಾರಿ ಮಲ್ಲೇಶಪ್ಪ. ಐದು ದಿನ ಅವರು ನಮಗೆ ಗೋದಾಮು ಬಿಟ್ಟು ಬೇರೇನೂ ತೋರಿಸಲಿಲ್ಲ. ಹಿಂದೆ ಸಮುದ್ರದ ತಳವಾಗಿದ್ದ ಜಾಗವನ್ನು ಈ ಜನ ಅಳೆದು, ಒಡ್ಡು ಹಾಕಿ, ನೀರು ಎತ್ತಿ ಹೊಲ ಮಾಡಿಕೊಂಡಿದ್ದಾರೆ. ಅಲ್ಲಿ ಬೆಳೆದ ಗಡ್ಡೆಯನ್ನು ನಮ್ಮ ಮನೆಗಳಿಗಿಂತ ಚೊಕ್ಕಟವಾದ ಕೊಠಡಿಯಲ್ಲಿ ಮಲಗಿಸುತ್ತಾರೆ. ಒಳಗೆ ಹೋಗುವ ಮೊದಲು ನಮ್ಮ ಬೂಟಿಗೆ ಪ್ಲಾಸ್ಟಿಕ್ ಚೀಲ ತೊಡಿಸಿದರು. ನಮ್ಮಿಂದ ಅವರ ಗಡ್ಡೆಗೆ ರೋಗ ಅಂಟಬಾರದಂತೆ. ನಮ್ಮಲ್ಲಿ ಬಾಣಂತಿ ಕೋಣೆಗೂ ಇಷ್ಟು ಮಡಿ ಇಲ್ಲ.

ಕೊನೆಯ ದಿನ ಜ್ವೋಲೆ ಎಂಬ ಊರಿನ ಹೋಟೆಲಿನಲ್ಲಿದ್ದೆವು. ಸಂಜೆ ನಾಲ್ಕಕ್ಕೆ ಬಸ್ಸು ಹೊರಟು ನೇರ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿಯವರೆಗೆ ಪೇಟೆ ಸುತ್ತಿ ಬನ್ನಿ ಎಂದು ಬಿಟ್ಟರು. ಎಲ್ಲರ ಪಾಸ್‌ಪೋರ್ಟೂ ಮಲ್ಲೇಶಪ್ಪನವರ ಚರ್ಮದ ಚೀಲದಲ್ಲಿ. ನಾನು ರೈಲು ಹತ್ತಿ ಡೆವೆಂಟರ್ ಎಂಬ ಇನ್ನೊಂದು ಊರಿಗೆ ಹೋಗಿ ಬರುತ್ತೇನೆಂದಾಗ ಅವರು ಚೀಲವನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡರು.

"ಗೌಡ್ರೆ, ನಾಕು ಗಂಟೆ ಅಂದ್ರೆ ನಾಕು ಗಂಟೆ. ಇದು ದುದ್ದದ ಬಸ್ಸಲ್ಲ, ಕೂಗುದ್ರೆ ನಿಲ್ಸಾಕೆ," ಎಂದರು.

ನನಗೆ ಅದು ಗೊತ್ತಿತ್ತು. ಬಸ್ಸು ತಪ್ಪಿದರೆ ವಿಮಾನ ತಪ್ಪುತ್ತದೆ. ವಿಮಾನ ತಪ್ಪಿದರೆ ಷಷ್ಠಿಯ ಹೊತ್ತಿಗೆ ನಾನು ಊರಲ್ಲಿರುವುದಿಲ್ಲ. ಸಪ್ತಮಿಯ ದಿನ ಹಾಸನದ ಒಂದು ಕಾಲೇಜಿನವರು ಚನ್ನರಾಯಪಟ್ಟಣಕ್ಕೆ ಬಂದು ನನ್ನ ಗೆಳೆಯ ರಂಗಪ್ಪನ ಟೆಲಿಸ್ಕೋಪನ್ನು ಹೊತ್ತುಕೊಂಡು ಹೋಗುತ್ತಾರೆ. ಆಮೇಲೆ ರಂಗಪ್ಪನಿಗೂ ಚಂದ್ರನಿಗೂ ಸಂಬಂಧವಿಲ್ಲ, ನನಗೂ ಅವನಿಗೂ ಅಂತೂ ಮೂರು ತಿಂಗಳಿಂದಲೇ ಇಲ್ಲ. ನಲವತ್ತೈದು ವರ್ಷದ ಗೆಳೆತನ ಹೀಗೆ ಒಂದು ತಿಥಿಗೆ ಬಂದು ನಿಂತಿತ್ತು.

ಕಾಂಪೆನ್

ಆ ದೇಶದ ರೈಲು ನಿಲ್ದಾಣದಲ್ಲಿ ಒಂದು ವಿಚಿತ್ರವಿದೆ. ಒಂದೇ ಪ್ಲಾಟ್‌ಫಾರಂನ ಈ ತುದಿಯಲ್ಲೊಂದು, ಆ ತುದಿಯಲ್ಲೊಂದು ರೈಲು ನಿಲ್ಲಿಸುತ್ತಾರೆ. ಎರಡೂ ಬೇರೆ ಬೇರೆ ಊರಿಗೆ. ಅಂಕಿಯ ಪಕ್ಕದಲ್ಲಿ ಒಂದು ಪುಟ್ಟ ಅಕ್ಷರ ಬರೆದಿರುತ್ತದೆ. ನಾನು ಅಂಕಿ ನೋಡಿದೆ, ಅಕ್ಷರ ನೋಡಲಿಲ್ಲ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹತ್ತುವ ಮುಂಚೆ ಹೊಳೆನರಸೀಪುರವಾ ಎಂದು ನಾಲ್ಕು ಜನರನ್ನು ಕೇಳುವವನು, ಇಲ್ಲಿ ಬೋರ್ಡಿದೆಯಲ್ಲ ಎಂದು ಯಾರನ್ನೂ ಕೇಳದೆ ಹತ್ತಿ ಕೂತೆ.

ಹತ್ತು ನಿಮಿಷಕ್ಕೆ ರೈಲು ನಿಂತಿತು. ಎಲ್ಲರೂ ಇಳಿದರು. ಮುಂದೆ ಹಳಿಯೇ ಇರಲಿಲ್ಲ, ಹೊಳೆಯಿತ್ತು. ಸೈಕಲ್ ಹಿಡಿದು ಇಳಿಯುತ್ತಿದ್ದ ಒಬ್ಬ ಹೆಂಗಸನ್ನು ಡೆವೆಂಟರ್ ಎಂದು ಕೇಳಿದೆ. ಆಕೆ ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಇದು ಕಾಂಪೆನ್, ನೀವು ತಪ್ಪು ರೈಲು ಹತ್ತಿದ್ದೀರಿ, ಹಿಂದಕ್ಕೆ ಹೋಗಲು ಮುಂದಿನ ರೈಲು ಇಷ್ಟು ಹೊತ್ತಿಗೆ ಎಂದು ಹೇಳಿ ಸೈಕಲ್ ಹತ್ತಿ ಹೋದಳು. ನಮ್ಮಲ್ಲಾಗಿದ್ದರೆ ಅಷ್ಟೊತ್ತಿಗೆ ಐದಾರು ಜನ ಸೇರಿ, ನನ್ನ ಊರು ಕೇರಿ ವಿಚಾರಿಸಿ, ಒಬ್ಬೊಬ್ಬರು ಒಂದೊಂದು ದಾರಿ ಹೇಳಿ, ಇನ್ನಷ್ಟು ದಾರಿ ತಪ್ಪಿಸುತ್ತಿದ್ದರು. ಆದರೂ ಜೊತೆಗೆ ಜನ ಇರುತ್ತಿದ್ದರು.

ಡೆವೆಂಟರಿನ ನಕ್ಷೆ ಅಂಗಡಿಯವನ ಜೊತೆ ಹನ್ನೊಂದು ಗಂಟೆಗೆ ಭೇಟಿ ನಿಗದಿಯಾಗಿತ್ತು. ಆಗಲೇ ಹತ್ತೂ ಮುಕ್ಕಾಲು. ಚಳಿ ಮೂಗಿನ ತುದಿ ಕಚ್ಚುತ್ತಿತ್ತು. ಬೆಂಚಿನ ಮೇಲೆ ಕೂತು ಜೇಬಿನಿಂದ ರಂಗಪ್ಪ ಬರೆದ ಚಂದ್ರನ ಚಿತ್ರದ ಪ್ರತಿ ತೆಗೆದು ನೋಡಿದೆ.

ಈಗ ಅರಕಲಗೂಡಿನ ಕತೆ ಹೇಳಿಬಿಡಬೇಕು. ನಾನು, ರಂಗಪ್ಪ, ಹೊಳೆನರಸೀಪುರದ ವಿಜ್ಞಾನದ ಮೇಡಂ ಸುಶೀಲಾ, ಮೂವರೂ ಚಂದ್ರನ ಹುಚ್ಚಿನವರು. ತಿಂಗಳಿಗೊಮ್ಮೆ ಯಾವುದಾದರೂ ಶಾಲೆಯ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟು ಮಕ್ಕಳಿಗೂ ತಾಯ್ತಂದೆಯರಿಗೂ ಚಂದ್ರನನ್ನು ತೋರಿಸುತ್ತಿದ್ದೆವು. ಹುಣ್ಣಿಮೆಗೆ ಯಾಕೆ ಇಡಲ್ಲ ಎಂದು ಎಲ್ಲ ಊರಲ್ಲೂ ಕೇಳುತ್ತಾರೆ. ಹುಣ್ಣಿಮೆಯಲ್ಲಿ ಚಂದ್ರನ ಮೇಲೆ ನೆರಳೇ ಇರುವುದಿಲ್ಲ, ಎಲ್ಲ ಸುಣ್ಣ ಬಳಿದ ಗೋಡೆಯ ಹಾಗೆ. ಷಷ್ಠಿ, ಸಪ್ತಮಿಯ ಸಂಜೆ ಓರೆ ಬಿಸಿಲು ಬೀಳುವಾಗ ಗುಡ್ಡ ಕುಳಿಗಳೆಲ್ಲ ಎದ್ದು ಕಾಣುತ್ತವೆ.

ರಂಗಪ್ಪ ಸರ್ವೆ ಇಲಾಖೆಯಿಂದ ನಿವೃತ್ತನಾದವನು. ಅವನ ಟೆಲಿಸ್ಕೋಪಿನ ಆರಿಂಚಿನ ಕನ್ನಡಿಯನ್ನು ಅವನೇ ಒಂದು ವರ್ಷ ಉಜ್ಜಿ ಉಜ್ಜಿ ಮಾಡಿದ್ದು. ನೋಡಿದ್ದನ್ನು ಹಾಳೆಯ ಮೇಲೆ ಗೆರೆಯಲ್ಲಿ ಇಳಿಸುತ್ತಿದ್ದ. ಕಾರ್ತಿಕದ ಷಷ್ಠಿಯ ಸಂಜೆ ಅರಕಲಗೂಡಿನಲ್ಲಿ ಒಂದು ಹಾಳೆ ತೆಗೆದು, ಈ ಅವಳಿ ಕುಳಿಗಳ ಮೇಲ್ಗಡೆ ಸಣ್ಣದೊಂದು ಗೆರೆ ಇದೆ, ಕೊನೆಗೆ ಒಂದು ಗುಂಡಿ ಇದೆ, ಒಣಗಿದ ಕಾಲುವೆಯ ಹಾಗೆ ಕಾಣುತ್ತದೆ, ಮೂರು ತಿಂಗಳಿಂದ ನೋಡುತ್ತಿದ್ದೇನೆ ಎಂದ. ನನ್ನ ಹತ್ತಿರ ಮಡಚುವ ನಕ್ಷೆಯೊಂದಿತ್ತು. ಕನ್ನಡಿಯ ಟೆಲಿಸ್ಕೋಪಿನಲ್ಲಿ ಚಂದ್ರ ತಲೆಕೆಳಗಾಗಿ ಕಾಣುತ್ತಾನೆ. ಅದಕ್ಕೆ ಹೊಂದುವ ಹಾಗೆ ದಕ್ಷಿಣವನ್ನು ಮೇಲೆ ಇಟ್ಟು ಅಚ್ಚು ಹಾಕಿದ ನಕ್ಷೆ ಅದು. ಅದನ್ನು ಬಿಚ್ಚಿ ಅವನ ಹಾಳೆಯ ಪಕ್ಕ ಹಿಡಿದೆ. ಅವಳಿ ಕುಳಿ ಇದ್ದವು. ಮೇಲ್ಗಡೆ ಏನೂ ಇರಲಿಲ್ಲ, ಬೋಳು ಬಯಲು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಸುತ್ತ ನಲವತ್ತು ಜನ ನಿಂತಿದ್ದರು, ನನಗೆ ಹುಮ್ಮಸ್ಸು ಬಂತು. "ಇಲ್ಲಿ ಎಂತದೂ ಇಲ್ಲ ಕಣ್ಲಾ ರಂಗ. ನಿನ್ ಕನ್ನಡಿ ಮ್ಯಾಲೆ ಕೂದ್ಲು ಬಿದ್ದೈತೆ, ಒರೆಸ್ಕೊ," ಎಂದೆ. ಜನ ಗೊಳ್ಳೆಂದರು.

ಸರ್ವೇಯರಿಗೆ ಆ ಮಾತು ಹೇಳಬಾರದು. ಮೂವತ್ತೈದು ವರ್ಷ ರಂಗಪ್ಪ ಬದು ಅಳೆದವನು. ಅಣ್ಣತಮ್ಮಂದಿರು ದೊಣ್ಣೆ ಹಿಡಿದು ನಿಂತಿದ್ದಾಗಲೂ ಸರಪಳಿ ಎಳೆದು ಗೆರೆ ಹಾಕಿ ಬಂದವನು. ಅವನು ಹಾಕಿದ ಒಂದು ಗೆರೆಯನ್ನೂ ಯಾರೂ ತಪ್ಪೆಂದು ತಿದ್ದಿಸಿದ್ದಿಲ್ಲ. ಅವನು ಹಾಳೆ ಸುತ್ತಿಕೊಂಡು, ಟೆಲಿಸ್ಕೋಪ್ ಬಿಚ್ಚಿ ವ್ಯಾನಿಗೆ ಹಾಕಿಕೊಂಡು ಹೋದ. ಅಂದಿನಿಂದ ನನ್ನ ಫೋನು ಎತ್ತಲಿಲ್ಲ. ಟೆಲಿಸ್ಕೋಪನ್ನೇ ಒಂದು ಕಾಲೇಜಿಗೆ ಕೊಟ್ಟುಬಿಡುತ್ತೇನೆ ಎಂದು ಸುಶೀಲಾ ಮೇಡಂಗೆ ಹೇಳಿದನಂತೆ.

ಸುಶೀಲಾ ಮೇಡಂ ಗಲಾಟೆಗೆ ಮೊದಲು ಆ ಹಾಳೆಯ ಫೋಟೋ ತೆಗೆದಿದ್ದರು. ಹಾಳೆ ಹಿಡಿದುಕೊಂಡಿದ್ದವನು ನಾನೇ, ಮೂಲೆಯಲ್ಲಿ ನನ್ನ ಹೆಬ್ಬೆರಳೂ ಬಂದಿದೆ. ನಾನು ಹಾಲೆಂಡಿಗೆ ಹೊರಟಾಗ ಅವರು ಅದನ್ನು ಹಾಸನದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟು, ದೊಡ್ಡ ನಕ್ಷೆಗಳಿರುವ ಅಂಗಡಿಯೊಂದನ್ನು ಹುಡುಕಿ, ಅದರ ಯಜಮಾನನಿಗೆ ಪತ್ರ ಬರೆದು ಸಮಯವನ್ನೂ ಗೊತ್ತು ಮಾಡಿದ್ದರು. ಗೆರೆ ಇದ್ದರೆ ಪುಸ್ತಕ ತಂದು ರಂಗಪ್ಪನವರ ಕೈಗೆ ಕೊಡಿ, ಇಲ್ಲದಿದ್ದರೆ ಯಾರಿಗೂ ಹೇಳಬೇಡಿ ಎಂದಿದ್ದರು. ಮೊಬೈಲಿನಲ್ಲಿ ಉಪಗ್ರಹದ ಚಿತ್ರಗಳಿವೆಯಲ್ಲ ಎಂದು ನೀವು ಕೇಳಬಹುದು. ನೋಡಿದ್ದೆವು. ಹತ್ತಿರಕ್ಕೆ ಎಳೆದರೆ ಚಂದ್ರನ ತುಂಬ ಸಾವಿರ ಗೀರು. ಅದರಲ್ಲಿ ಆರಿಂಚಿನ ಕನ್ನಡಿಗೆ ಕಾಣುವುದು ಯಾವುದು ಎಂದು ಅದು ಹೇಳುವುದಿಲ್ಲ. ಮೇಲಾಗಿ ರಂಗಪ್ಪ ಮೊಬೈಲನ್ನು ದಾಖಲೆ ಎಂದು ಒಪ್ಪುವ ಪೈಕಿಯವನಲ್ಲ.

ಡೆವೆಂಟರ್

ಅಂಗಡಿ ಸಿಕ್ಕಾಗ ಹನ್ನೆರಡಾಗಿ ಹತ್ತು ನಿಮಿಷ. ಇಟ್ಟಿಗೆಯ ಗಲ್ಲಿ, ಕಿರಿದಾದ ಬಾಗಿಲು, ಒಳಗಿನಿಂದ ಅಗುಳಿ. ಗಂಟೆ ಒತ್ತಿದೆ. ಕಿಟಕಿಯಲ್ಲಿ ಎಪ್ಪತ್ತು ದಾಟಿದ ಒಂದು ಉದ್ದ ಮುಖ ಕಾಣಿಸಿತು. ಹೆಂಕ್ ಎಂದು ಅವನ ಹೆಸರು. ನಿಮ್ಮ ಸಮಯ ಹನ್ನೊಂದಕ್ಕಿತ್ತು ಎಂದ. ತಪ್ಪು ರೈಲು, ಕಾಂಪೆನ್ ಎಂದು ನನ್ನ ಮುರುಕಲು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಯೋಚಿಸಿ, ಹನ್ನೆರಡೂವರೆಗೆ ತನ್ನ ಊಟ, ಎರಡಕ್ಕೆ ಬೇರೊಬ್ಬರು ಬರುತ್ತಾರೆ, ನಡುವೆ ಇರುವುದು ಇಷ್ಟು ಎಂದು ಲೆಕ್ಕ ಹೇಳಿಯೇ ಬಾಗಿಲು ತೆಗೆದ. ನಾನು ಸಮುದ್ರ ದಾಟಿ ಬಂದಿದ್ದೇನೆ ಮಾರಾಯ ಎಂದು ಹೇಳಬೇಕೆನಿಸಿತು. ಇಂಗ್ಲಿಷ್ ಸಿಗಲಿಲ್ಲ.

ಒಳಗೆ ಗೋಡೆ ಕಾಣದಷ್ಟು ಆಕಾಶದ ಪುಸ್ತಕಗಳು. ಬೀಜದಂಗಡಿಗೆ ಹೋದರೆ ಮಲ್ಲೇಶಪ್ಪ ಮಣ್ಣು ಯಾವುದು, ನೀರೆಷ್ಟು ಎಂದು ಕೇಳುತ್ತಾರಲ್ಲ, ಹಾಗೆ ಹೆಂಕ್ ಕೇಳತೊಡಗಿದ. ಟೆಲಿಸ್ಕೋಪು ಕನ್ನಡಿಯದೋ ಮಸೂರದ್ದೋ? ಎಷ್ಟು ಅಗಲ? ಬಯಲಿನಲ್ಲಿ ನಿಂತು ನೋಡುತ್ತೀರೋ, ಪಕ್ಕದಲ್ಲಿ ಮೇಜಿದೆಯೋ? ಇಬ್ಬನಿ ಬೀಳುತ್ತದೋ? ಅವನು ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಚಂದ್ರನ ನಕ್ಷೆ ಕೊಳ್ಳುವವನು ಮೊದಲು ನೋಡಬೇಕಾದ್ದು ದಿಕ್ಕು. ಬೈನಾಕ್ಯುಲರಿನವನಿಗೆ ಉತ್ತರ ಮೇಲಿರುವ ನಕ್ಷೆ, ಕನ್ನಡಿಯವನಿಗೆ ತಲೆಕೆಳಗಿನದು. ಮಸೂರದ ಟೆಲಿಸ್ಕೋಪಿಗೆ ಕತ್ತು ನೋಯದಿರಲೆಂದು ಮೊಣಕೈಯಂಥ ಕೊಳವೆ ಸಿಕ್ಕಿಸಿಕೊಂಡವನಿಗೆ ಎಡಬಲ ಅದಲುಬದಲಾದದ್ದು. ತಪ್ಪು ದಿಕ್ಕಿನ ನಕ್ಷೆ ಇಟ್ಟುಕೊಂಡರೆ ಆಯುಷ್ಯವೆಲ್ಲ ತಡಕಾಡಬೇಕಾಗುತ್ತದೆ. ಆಮೇಲೆ ವಿವರ. ಸಣ್ಣ ಟೆಲಿಸ್ಕೋಪಿನವನು ತೀರ ದಟ್ಟವಾದ ನಕ್ಷೆ ತೆಗೆದುಕೊಂಡರೆ ಕಾಣದ್ದರ ಹೆಸರೇ ಹೆಚ್ಚಾಗಿ ಕಾಣುವುದೂ ಕಳೆದುಹೋಗುತ್ತದೆ. ಮೂರನೆಯದು, ಫೋಟೋದ ಅಟ್ಲಾಸೋ, ಕೈಯಲ್ಲಿ ಬರೆದದ್ದೋ. ಫೋಟೋ ಒಂದು ಗಳಿಗೆಯ ಬಿಸಿಲನ್ನು ಮಾತ್ರ ತೋರಿಸುತ್ತದೆ. ಆ ಗಳಿಗೆಯಲ್ಲಿ ನೆರಳು ಬೀಳದ ಕಾಲುವೆ ಫೋಟೋದಲ್ಲಿ ಇಲ್ಲವೇ ಇಲ್ಲ. ಕೈಯಲ್ಲಿ ಬರೆದವನು ಎಲ್ಲ ಬಿಸಿಲಿನಲ್ಲೂ ನೋಡಿ ಬರೆದಿರುತ್ತಾನೆ.

ಹಾಗಾಗಿ ಹುಡುಕುವುದಾದರೆ ಕೈಬರಹದ್ದರಲ್ಲೇ ಎಂದು ಹೇಳಿ ತನ್ನ ಮೇಜಿನ ಮೇಲಿದ್ದ ದೊಡ್ಡ ಅಟ್ಲಾಸನ್ನು ಎಳೆದ. ಚಂದ್ರನನ್ನು ಹಾಳೆ ಹಾಳೆಯಾಗಿ ಭಾಗ ಮಾಡಿ ಬರೆದದ್ದು, ಉತ್ತರ ಮೇಲಿರುವುದು. ಅಂಚಿನ ತುಂಬ ಅವನ ಪೆನ್ಸಿಲ್ ಗುರುತು: ಯಾವ ಕುಳಿಯನ್ನು ಯಾವ ದಿನ ನೋಡಿದೆ ಎಂದು. ಸಮಯ ಹನ್ನೆರಡೂವರೆ. ಅವನು ಮಾತು ನಿಲ್ಲಿಸಿ, ಡಬ್ಬಿಯಿಂದ ಚೀಸ್ ಹಚ್ಚಿದ ಬ್ರೆಡ್ ತೆಗೆದು ನನ್ನೆದುರಿಗೇ ತಿನ್ನಲು ಕೂತ. ನಮ್ಮಲ್ಲಿ ಶತ್ರು ಬಂದರೂ ಒಂದು ತುತ್ತು ತಿನ್ನಿ ಅನ್ನುತ್ತೇವೆ. ಕೊನೆಗೆ ಒಂದು ಲೋಟ ಮಾತ್ರ ನನ್ನ ಕಡೆ ತಳ್ಳಿದ. ಕುಡಿದರೆ ಮಜ್ಜಿಗೆ! ಉಪ್ಪಿಲ್ಲದ, ಒಗ್ಗರಣೆಯಿಲ್ಲದ ಸಪ್ಪೆ ಮಜ್ಜಿಗೆ. ಐದು ದಿನದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಅವನು ತಿನ್ನುವಷ್ಟರಲ್ಲಿ ನಾನು ಅವಳಿ ಕುಳಿಗಳ ಹಾಳೆ ತೆರೆದೆ. ಕನ್ನಡಿಯಲ್ಲಿ ನೋಡಿ ಬರೆದ ಚಿತ್ರ, ಅಂದರೆ ತಲೆಕೆಳಗು. ಉತ್ತರ ಮೇಲಿರುವ ಅಟ್ಲಾಸಿಗೆ ಹೊಂದಬೇಕಾದರೆ ಚಿತ್ರವನ್ನು ತಿರುಗಿಸಬೇಕು. ತಿರುಗಿಸಿ ಇಟ್ಟೆ. ಅವಳಿ ಕುಳಿ ಅವಳಿ ಕುಳಿಗೆ ಸರಿಯಾಗಿ ಕೂತವು. ಗೆರೆ ಈಗ ಕೆಳಗೆ ಬರಬೇಕು. ಕೆಳಗೆ ನೋಡಿದೆ.

ಬಯಲು. ಒಂದು ಗೀರೂ ಇಲ್ಲ.

ನಿಜ ಹೇಳಿಬಿಡುತ್ತೇನೆ. ಮೊದಲು ನನಗಾದದ್ದು ದುಃಖವಲ್ಲ. ನಾನು ಹೇಳಿದ್ದೇ ಸರಿ ಎಂಬ ಒಂದು ಚಿಟಿಕೆ ಖುಷಿ. ಅದು ಬಂದದ್ದಕ್ಕೆ ನಾಚಿಕೆಯೂ ಹಿಂದೆಯೇ ಬಂತು. ರಂಗಪ್ಪ ಮೂರು ತಿಂಗಳು ಕಣ್ಣು ಕಿರಿದು ಮಾಡಿ ನೋಡಿದ್ದು ಏನನ್ನು? ವಯಸ್ಸಾಯಿತೇ ಅವನಿಗೆ? ಊರಿಗೆ ಹೋಗಿ ಯಾವ ಮುಖ ಇಟ್ಟುಕೊಂಡು ಸುಮ್ಮನಿರಲಿ? ಇನ್ನೂ ಮೂರು ಅಟ್ಲಾಸ್ ತೆಗೆಸಿದೆ. ಫೋಟೋದ್ದು, ದೊಡ್ಡದು, ಎಡಬಲ ತಿರುಗಿದ್ದು. ಎಲ್ಲದರಲ್ಲೂ ಅದೇ ಬೋಳು ಬಯಲು. ಗೋಡೆಯ ಗಡಿಯಾರ ಒಂದೂಮುಕ್ಕಾಲು ತೋರಿಸುತ್ತಿತ್ತು.

ಇಲ್ಲ ಎಂದು ಹೇಳಿ ಹಾಳೆ ಮಡಚಲು ಹೋದೆ. ಹೆಂಕ್ ಅದನ್ನು ಕೇಳಿ ತೆಗೆದುಕೊಂಡ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ. ಚಂದ್ರನನ್ನು ಬರೆಯುವವರು ಮೊದಲು ಬರೆಯುವುದೇ ನೆರಳನ್ನು; ಇದರಲ್ಲಿ ನೆರಳೇ ಇಲ್ಲ, ಬರೀ ಗೆರೆ, ಇದನ್ನು ಬರೆದವನು ಏನು ಕೆಲಸ ಮಾಡುತ್ತಾನೆ ಎಂದು ಕೇಳಿದ. ಜಮೀನು ಅಳೆಯುವವನು ಎಂದೆ.

ಅವನು ತಲೆ ಎತ್ತಿ ನನ್ನನ್ನು ಒಂದು ಥರ ನೋಡಿದ. "ಹಾಗಾದರೆ ಇದನ್ನು ಯಾಕೆ ತಿರುಗಿಸಿದಿರಿ?" ಎಂದ.

ಟೆಲಿಸ್ಕೋಪಿನಲ್ಲಿ ತಲೆಕೆಳಗಲ್ಲವೇ ಎಂದೆ. ನಿಮ್ಮ ಗೆಳೆಯನಿಗೆ ಕಂಡದ್ದು ತಲೆಕೆಳಗೇ, ಆದರೆ ಅಳೆಯುವವನು ಸಾಯುತ್ತಾ ಬಿದ್ದಿದ್ದರೂ ದಕ್ಷಿಣವನ್ನು ಮೇಲಿಟ್ಟು ನಕ್ಷೆ ಬರೆಯುವುದಿಲ್ಲ ಎಂದ. ತನ್ನ ಅಪ್ಪ ಸಮುದ್ರ ಬತ್ತಿಸಿದ ನೆಲ ಅಳೆಯುತ್ತಿದ್ದವನಂತೆ. ಮನೆಯಲ್ಲಿ ತಟ್ಟೆ ಇಡುವಾಗಲೂ ಅಪ್ಪನಿಗೆ ಉತ್ತರ ಯಾವ ಕಡೆ ಎಂದು ಗೊತ್ತಿರಬೇಕಿತ್ತಂತೆ. ಆಮೇಲೆ ಪ್ರಿಂಟಿನ ಮೂಲೆಯಲ್ಲಿದ್ದ ನನ್ನ ಹೆಬ್ಬೆರಳನ್ನು ತಟ್ಟಿ, ಇದರ ಕೆಳಗೆ ಏನಿತ್ತು ಎಂದು ಕೇಳಿದ.

ನಮ್ಮ ಹೊಲದ ಅಳತೆಯ ಟಿಪ್ಪಣಿ, ಊರಿನ ನಕ್ಷೆ, ರಂಗಪ್ಪನ ಕೈಯಿಂದ ಬಂದ ಯಾವ ಹಾಳೆಯಾದರೂ ಸರಿ, ಆ ಮೂಲೆಯಲ್ಲಿ ಒಂದು ಬಾಣ, ಬಾಣದ ತುದಿಗೆ ‘ಉ’. ಅರಕಲಗೂಡಿನಲ್ಲಿ ನಾನು ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದುಕೊಂಡು ಅವನ ಗೆರೆ ಇಲ್ಲವೆಂದು ತೀರ್ಪು ಕೊಟ್ಟಿದ್ದೆ.

ಹೆಂಕ್ ಹಾಳೆಯನ್ನು ನೆಟ್ಟಗೆ ಮಾಡಿ ಅಟ್ಲಾಸಿನ ಪಕ್ಕ ಇಟ್ಟ. ಅವಳಿ ಕುಳಿಗಳ ಮೇಲ್ಗಡೆ, ಕೂದಲೆಳೆಯಷ್ಟು ತೆಳುವಾಗಿ, ಒಂದು ಗೆರೆ. ಅದರ ಕೊನೆಯಲ್ಲಿ ಸಾಸಿವೆಯಷ್ಟು ಗುಂಡಿ. ನನಗೆ ಅಳು ಬಂತು. ಪರದೇಶದ ಗಂಡಸಿನೆದುರು ಅಳುವುದು ಹೇಗೆಂದು ಗೊತ್ತಾಗದೆ ಉಳಿದ ಮಜ್ಜಿಗೆ ಕುಡಿದೆ.

ಈ ಅಟ್ಲಾಸೇ ಬೇಕು ಎಂದೆ. ಇಲ್ಲ ಎಂದ. ನಮ್ಮ ಕಡೆಯವರು ಇಲ್ಲ ಅನ್ನಬೇಕಾದಲ್ಲಿ ನೋಡೋಣ ಅನ್ನುತ್ತಾರೆ, ಆ ನೋಡೋಣದಲ್ಲಿ ನಾಲ್ಕು ದಿನ ಬದುಕಬಹುದು. ಇವನದು ಬಾಗಿಲು ಹಾಕಿದ ಹಾಗೆ. ಇದು ತನ್ನ ಸ್ವಂತದ್ದು, ಮಾರಲು ಇರುವುದು ಎಡಬಲ ತಿರುಗಿದ ಪ್ರತಿ ಮಾತ್ರ ಎಂದ. ಅದು ನನ್ನ ಗೆಳೆಯನಿಗೆ ಆಗುವುದಿಲ್ಲ ಎಂದೆ. ಆಗುವುದಿಲ್ಲ ಎಂದು ಅವನೂ ಒಪ್ಪಿದ. ಎರಡಕ್ಕೆ ಇನ್ನು ಐದೇ ನಿಮಿಷವಿತ್ತು.

ಅವನು ಅದೇ ಹಾಳೆಯ ಅಂಚಿನಲ್ಲಿ ಬೆರಳಾಡಿಸುತ್ತ ಏನೋ ಹುಡುಕಿದ. ಎಲ್ಲ ಕುಳಿಗಳ ಪಕ್ಕದಲ್ಲೂ ಪೆನ್ಸಿಲಿನ ತಾರೀಖು ಇತ್ತು, ಆ ಗೆರೆಯ ಪಕ್ಕದಲ್ಲಿ ಇರಲಿಲ್ಲ. ನಮ್ಮ ಮೋಡದಲ್ಲಿ ನನಗೆ ಇದು ಒಂದು ಸಲವೂ ಸಿಕ್ಕಿಲ್ಲ ಎಂದ. ಈಗ ಎರಡು ಚಳಿಗಾಲದಿಂದ ಮಂಡಿ ನೋವು, ಹೊರಗೆ ಹೋಗಿಲ್ಲ ಎಂದ. ಆಮೇಲೆ ನಿಮ್ಮ ಗೆಳೆಯನ ಹೆಸರೇನು ಎಂದು ಕೇಳಿ, ಒಂದೊಂದೇ ಅಕ್ಷರ ನನ್ನಿಂದ ಹೇಳಿಸಿಕೊಂಡು, ಗೆರೆಯ ಪಕ್ಕದಲ್ಲಿ ಬರೆದ: ರಂಗಪ್ಪ, ಚನ್ನರಾಯಪಟ್ಟಣ, ಆರಿಂಚು. ದಿನ ಯಾವುದೆಂದಾಗ ನನಗೆ ತಾರೀಖು ನೆನಪಾಗಲಿಲ್ಲ. ಕಾರ್ತಿಕ ಶುದ್ಧ ಷಷ್ಠಿ ಎಂದೆ. ಹಾಗೆಂದರೇನು ಎಂದ. ಅಮಾವಾಸ್ಯೆಯಿಂದ ಆರನೆಯ ದಿನ ಎಂದು ಬೆರಳು ಮಡಚಿ ತೋರಿಸಿದೆ. ಹೌದು, ಆ ದಿನವೇ ಅದು ಕಾಣಬೇಕು ಎಂದು ಹೇಳಿ, ತನ್ನ ಆ ಅಟ್ಲಾಸನ್ನೇ ಕಂದು ಕಾಗದದಲ್ಲಿ ಸುತ್ತತೊಡಗಿದ. ಬಾಗಿಲ ಗಂಟೆ ಸದ್ದು ಮಾಡಿತು. ಎರಡು ಗಂಟೆಯ ಗಿರಾಕಿ ಸರಿಯಾಗಿ ಎರಡಕ್ಕೆ ಬಂದಿದ್ದ.

ಮತ್ತೆ ಜ್ವೋಲೆ

ನಿಲ್ದಾಣಕ್ಕೆ ಓಡಿದೆ. ಈ ಸಲ ಅಂಕಿಯನ್ನೂ ನೋಡಿದೆ, ಅಕ್ಷರವನ್ನೂ ನೋಡಿದೆ, ಸಾಲದೆಂದು ಐದು ಜನರನ್ನು ಕೇಳಿದೆ. ಆದರೂ ರೈಲು ಬರಲಿಲ್ಲ. ಮುಂದೆಲ್ಲೋ ಸಿಗ್ನಲ್ ಕೆಟ್ಟಿದೆ ಎಂದು ಧ್ವನಿವರ್ಧಕ ಹೇಳಿತು. ಆ ದೇಶದಲ್ಲೂ ಸಿಗ್ನಲ್ ಕೆಡುತ್ತದೆ ಎಂದು ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ. ಮೂರೂಕಾಲಾಯಿತು, ಮೂರೂವರೆಯಾಯಿತು. ಮಲ್ಲೇಶಪ್ಪನವರಿಗೆ ಫೋನ್ ಮಾಡೋಣವೆಂದರೆ ನನ್ನ ಫೋನಿನಲ್ಲಿ ಚಾರ್ಜಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು, ಮನೆದೇವರಿಗೆ ಹರಕೆ ಹೊತ್ತೆ. ಏನು ಹರಕೆ ಎಂದು ಈಗ ಮರೆತಿದ್ದೇನೆ, ಅದೊಂದು ಭಯ ಇದೆ.

ಜ್ವೋಲೆಯಲ್ಲಿ ಇಳಿದಾಗ ನಾಲ್ಕಾಗಿತ್ತು, ಹೋಟೆಲಿಗೆ ಓಡಿ ಬರುವಷ್ಟರಲ್ಲಿ ನಾಲ್ಕೂಕಾಲು. ಹೋಟೆಲಿನ ಮುಂದೆ ಬಸ್ಸು ಇನ್ನೂ ನಿಂತಿದ್ದು ದೂರದಿಂದಲೇ ಕಂಡಾಗ ನನಗೆ ನಂಬಿಕೆಯಾಗಲಿಲ್ಲ. ಡ್ರೈವರು ಕೆಳಗಿಳಿದು ಗಡಿಯಾರ ತೋರಿಸುತ್ತ ಕೆಂಪಗಾಗಿದ್ದ. ಬಾಗಿಲಲ್ಲಿ ಮಲ್ಲೇಶಪ್ಪ ಅಡ್ಡ ನಿಂತಿದ್ದರು. ನಮ್ಮ ಪೈಕಿ ಹಿರಿಯರೊಬ್ಬರಿಗೆ ಹೊಟ್ಟೆ ಕೆಟ್ಟಿದೆ, ಪಾಯಿಖಾನೆಯಿಂದ ಬರುವವರೆಗೆ ಬಸ್ಸು ಬಿಡುವ ಹಾಗಿಲ್ಲ ಎಂದು ಹದಿನೈದು ನಿಮಿಷದಿಂದ ಸುಳ್ಳು ಹೇಳಿ ತಡೆದಿದ್ದರು. ಹೊಟ್ಟೆ ಗಟ್ಟಿಯಾಗಿದ್ದ ಆ ಹಿರಿಯರು ಪಾಪ ಒಳಗೇ ಬಾಗಿಲು ಹಾಕಿಕೊಂಡು ಕೂತಿದ್ದರು.

ಬಸ್ಸು ಹೊರಟ ಮೇಲೂ ಮಲ್ಲೇಶಪ್ಪ ನನ್ನ ಕಡೆ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ, ಅಷ್ಟು ಮುಖ್ಯವಾದ್ದೇನಾ ಗೌಡ್ರೆ ಅದು ಎಂದು ಕೇಳಿದರು. ಹೌದು ಸಾವ್ಕಾರ್ರೆ ಎಂದೆ. ಕಿಟಕಿಯಾಚೆ ಬೋಳು ಹೊಲಗಳ ಮೇಲೆ ಹೊತ್ತು ಮುಳುಗಿ, ತದಿಗೆಯ ಚಂದ್ರ ಕಂಡಿತು. ನಮ್ಮೂರಲ್ಲಿ ಅದು ತೊಟ್ಟಿಲಿನ ಹಾಗೆ ಮಲಗಿರುತ್ತದೆ. ಅಲ್ಲಿ ಓರೆಯಾಗಿ ಒಂದು ಪಕ್ಕಕ್ಕೆ ಒರಗಿ ನಿಂತಿತ್ತು.

ಚನ್ನರಾಯಪಟ್ಟಣ

ಪಂಚಮಿಗೆ ಊರು ಸೇರಿ, ಷಷ್ಠಿಯ ಸಂಜೆ ಚನ್ನರಾಯಪಟ್ಟಣಕ್ಕೆ ಹೋದೆ. ರಂಗಪ್ಪನ ಮನೆಯ ಜಗುಲಿಯಲ್ಲಿ ಟೆಲಿಸ್ಕೋಪನ್ನು ಗೋಣಿತಾಟಿನಲ್ಲಿ ಸುತ್ತಿ ಹಗ್ಗ ಬಿಗಿದು ಇಟ್ಟಿತ್ತು. ಅದನ್ನು ನೋಡಿ ಅಂಗಳದಲ್ಲೇ ನಿಂತೆ. ಅವನ ಹೆಂಡತಿ ಜಯಮ್ಮ ನನ್ನನ್ನು ಕಂಡು, ಬಾ ಬೋರಣ್ಣ ಎಂದು ಕರೆದು, ಒಳಗೆ ಕಾಫಿಗೆ ಇಡಲು ಹೋದರು. ರಂಗಪ್ಪ ಕುರ್ಚಿಯಲ್ಲಿ ಕೂತಿದ್ದ.

ಕಾಗದ ಬಿಚ್ಚಿ ಪುಸ್ತಕವನ್ನು ಅವನ ಮುಂದೆ ಇಟ್ಟೆ. ತಪ್ಪು ನನ್ನದು, ದಿಕ್ಕು ನೋಡಲಿಲ್ಲ, ನಿನ್ನ ಗೆರೆ ಇದೆ ಎಂದು ವಿಮಾನದಲ್ಲಿ ಉರು ಹೊಡೆದಿದ್ದ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಹೆಂಕನ ಕತೆ, ಹೆಬ್ಬೆರಳಿನ ಕತೆ, ಎಲ್ಲ. ಅವನು ಪುಟ ತಿರುಗಿಸುತ್ತ ಅವಳಿ ಕುಳಿಗಳ ಹಾಳೆಗೆ ಬಂದ. ಪೆನ್ಸಿಲಿನಲ್ಲಿ ಬರೆದಿದ್ದ ತನ್ನ ಹೆಸರನ್ನು ಓದಿದ. ಅದರ ಮೇಲೆ ಅಂಗೈ ಇಟ್ಟ. ಇನ್ನು ನಗುತ್ತಾನೆ ಎಂದುಕೊಂಡೆ.

"ಗೆರೆ ಐತೆ ಅಂತ ನಂಗೆ ಗೊತ್ತಿತ್ತು ಕಣ್ಲಾ ಬೋರ," ಎಂದ. "ಅದುಕ್ಕೆ ನೀನು ಆಲೆಂಡಿಗಂಟ ಓಗಬೇಕಿರ್ನಿಲ್ಲ. ಅವತ್ತು ಟೆಲಿಸ್ಕೋಪು ಅಲ್ಲೇ ನಿಂತಿತ್ತು, ನಿನ್ನಿಂದ ಎಲ್ಡು ಮಾರು ದೂರ. ಚಂದ್ರಾನೂ ಅಲ್ಲೇ ಇದ್ದ. ನೀನು ಒಂದಪ ಬಗ್ಗಿ ನೋಡ್ನಿಲ್ಲ."

ನಿಜವಾಗಿಯೂ ನಾನು ಅವತ್ತು ನಕ್ಷೆಯನ್ನು ನೋಡಿದೆನೇ ಹೊರತು ಟೆಲಿಸ್ಕೋಪಿನೊಳಗೆ ಕಣ್ಣಿಟ್ಟಿರಲಿಲ್ಲ. ಹಾಲೆಂಡಿನಲ್ಲಿ ನಾಲ್ಕು ಅಟ್ಲಾಸ್ ಮಗುಚಿದಾಗಲೂ ಅದು ತಲೆಗೆ ಹೊಳೆದಿರಲಿಲ್ಲ. ತಲೆ ತಗ್ಗಿಸಿ ನಿಂತೆ. ಕಣ್ಣಿನಲ್ಲಿ ನೀರು ಬಂತು, ಈ ಸಲ ಮುಚ್ಚಿಕೊಳ್ಳಲು ಮಜ್ಜಿಗೆಯೂ ಇರಲಿಲ್ಲ.

ರಂಗಪ್ಪ ಎದ್ದು ಜಗುಲಿಗೆ ಬಂದು ಹಗ್ಗ ಬಿಚ್ಚತೊಡಗಿದ. ಕಾಫಿ ತಂದ ಜಯಮ್ಮ, ಕಟ್ಟಿದ್ದನ್ನು ಬಿಚ್ಚಿದರೆ ನಾಳೆ ಕಾಲೇಜಿನವರು ಬಂದಾಗ ಮತ್ತೆ ಕಟ್ಟುವವರು ಯಾರು ಎಂದು ಕೇಳಿದರು. ಕಟ್ಟೋದು ಬೇಡ, ಅವರಿಗೆ ಫೋನ್ ಮಾಡ್ತೀನಿ ಎಂದ. ನನಗೆ ಕೊಳವೆಯ ಆ ತುದಿ ಹಿಡಿದುಕೊಳ್ಳಲು ಕೈಯಲ್ಲೇ ತೋರಿಸಿದ.

ತಾರಸಿಗೆ ಹೊತ್ತುಕೊಂಡು ಹೋದೆವು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಚಂದ್ರ ನೆತ್ತಿಗೆ ಸಮೀಪವಿತ್ತು. ಪುಸ್ತಕ ತರಲೇ ಎಂದು ಕೇಳಿದೆ. ಬೇಡ ಎಂದ. ಅವನು ಟೆಲಿಸ್ಕೋಪನ್ನು ಹೊಂದಿಸಿ ಪಕ್ಕಕ್ಕೆ ಸರಿದ. ಬಗ್ಗಿ ಕಣ್ಣಿಟ್ಟೆ. ಅವಳಿ ಕುಳಿಗಳು ಸಿಕ್ಕವು. ನನಗೆ ಕಾಣುವುದು ತಲೆಕೆಳಗು, ಆದ್ದರಿಂದ ಅವುಗಳ ಕೆಳಗಡೆ ಹುಡುಕಿದೆ. ಗಾಳಿ ಕುದಿಯುತ್ತಿತ್ತು, ಎಲ್ಲ ನೀರಿನ ತಳದಲ್ಲಿದ್ದ ಹಾಗೆ ನಡುಗುತ್ತಿತ್ತು. ಎಷ್ಟು ನೋಡಿದರೂ ಗೆರೆ ಕಾಣಲಿಲ್ಲ. ಕಂಡಿತು ಎಂದುಬಿಡೋಣವೇ ಎಂದು ಒಂದು ಗಳಿಗೆ ಅನಿಸಿತು. ಬೆನ್ನ ಹಿಂದೆ ರಂಗಪ್ಪ ಕಾಯುತ್ತಿದ್ದ.

"ನಂಗೆ ಕಾಣ್ತಿಲ್ಲ ಕಣ್ಲಾ," ಎಂದೆ. ಗೆರೆಯೇ ಇಲ್ಲ ಎನ್ನಲಿಲ್ಲ.

ಅವನು ಕೆಳಗಿಳಿದು ಹೋದ. ಮುಗಿಯಿತು ಎಂದುಕೊಂಡು ಅಲ್ಲೇ ಬಗ್ಗಿಕೊಂಡಿದ್ದೆ. ಮೆಟ್ಟಿಲ ಮೇಲೆ ಮತ್ತೆ ಹೆಜ್ಜೆ ಸಪ್ಪಳ ಕೇಳಿಸಿತು. ಒಂದು ಸ್ಟೂಲು ತಂದು ನನ್ನ ಹಿಂದೆ ಇಟ್ಟ.

"ಅಂಗಾರೆ ಕೂತ್ಕೊಂಡು ನೋಡು," ಎಂದ. "ಚಂದ್ರ ಮುಳುಗಾಕೆ ಇನ್ನೂ ಬೇಕಾದಷ್ಟು ಒತ್ತೈತೆ."